ರಾಜ್ಯಾಂಗ ಸಭೆಯೂ ಹೊರನಾಡ ಕನ್ನಡಿಗನೂ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ದಿನ ಭಾಷಣಕಾರನಿಂದ ಸಭಿಕರು ಏನನ್ನು ನಿರೀಕ್ಷಿಸುತ್ತಾರೆಂಬುದು ನನಗೆ ತಿಳಿಯದ ವಿಷಯವಲ್ಲ. ಬನವಾಸಿಯ ಕದಂಬರಿಂದ ಹೊರಟು, ಪುಲಕೇಶಿಗೆ ಜಯಕಾರ ಹೇಳಿ, ವಿಜಯನಗರದ ಬೀದಿಯಲ್ಲಿ ಮುತ್ತು ರತ್ನ ಅಳೆದು, ಆಲೂರ ವೆಂಕಟರಾಯರಿಗೆ ನಮಸ್ಕರಿಸಿ, ಊಟದ ಹೊತ್ತಿಗೆ ಸರಿಯಾಗಿ ಏಕೀಕರಣಕ್ಕೆ ಬಂದು ಮುಟ್ಟಬೇಕು. ಆ ದಾರಿಯಲ್ಲಿ ನಾನೂ ಹಲವು ವರ್ಷ ನಡೆದವನೇ. ಈ ಸಲ ಮಾತ್ರ ಕಾರ್ಯದರ್ಶಿಗಳು ಮನೆಗೆ ಬಂದಾಗ, “ರಾಜ್ಯಾಂಗದ ಬಗ್ಗೆ ಮಾತಾಡುವುದಾದರೆ ಬರುತ್ತೇನೆ” ಎಂದೆ. ಅವರ ಮುಖ ಸ್ವಲ್ಪ ಸಣ್ಣದಾಯಿತು. “ಆಗಲಿ ಮಾಸ್ಟ್ರೆ, ಆದರೆ ಮಕ್ಕಳ ಕುಣಿತ ಉಂಟು, ಯಕ್ಷಗಾನ ಉಂಟು, ಅರ್ಧ ಗಂಟೆ ಸಾಕಲ್ಲ?” ಎಂದರು. ಸಾಕು ಎಂದು ಮಾತು ಕೊಟ್ಟಿದ್ದೇನೆ. ಉಳಿಸಿಕೊಳ್ಳಲು ಪ್ರಯತ್ನಿಸುತ್ತೇನೆ.

ಈಗ ನಾವು ಸಂವಿಧಾನ ಎನ್ನುತ್ತೇವೆ. ನಾನು ಚಿಕ್ಕವನಿದ್ದಾಗ ರಾಜ್ಯಾಂಗ ಎನ್ನುತ್ತಿದ್ದರು. ನಮ್ಮ ಧಾರವಾಡದ ಕಡೆಯವರು ಮರಾಠಿಯ ಸಹವಾಸದಿಂದ ಘಟನೆ ಎಂದರು. ನನ್ನ ನಾಲಿಗೆಗೆ ಹಳೆಯ ಮಾತೇ ರೂಢಿ, ಕ್ಷಮಿಸಬೇಕು. ಮೂವತ್ತು ವರ್ಷ ಈ ಮುಂಬಯಿಯ ಒಂದು ಕನ್ನಡ ಶಾಲೆಯಲ್ಲಿ ನಾನು ಇತಿಹಾಸವನ್ನೂ ಪೌರನೀತಿಯನ್ನೂ ಕಲಿಸಿದೆ. ರಾಜ್ಯಾಂಗಕ್ಕೆ ಪುಸ್ತಕದಲ್ಲಿ ಒಂದೇ ಪುಟ. 1946ರ ಡಿಸೆಂಬರ್ 9ರಂದು ಸಭೆ ಸೇರಿತು, 1949ರ ನವೆಂಬರ್ 26ರಂದು ಕೆಲಸ ಮುಗಿಯಿತು, ಒಟ್ಟು 2 ವರ್ಷ 11 ತಿಂಗಳು 17 ದಿನ. ಹುಡುಗರು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಿದ್ದರು, ನಾನು ಗುರುತು ಹಾಕುತ್ತಿದ್ದೆ. ನಿವೃತ್ತನಾದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಆ ಸಭೆಯ ನಡಾವಳಿಯ ದಪ್ಪ ಸಂಪುಟಗಳನ್ನು ಓದತೊಡಗಿದಾಗ ನನಗೆ ನಾಚಿಕೆಯಾಯಿತು. ಲಗ್ನಪತ್ರಿಕೆ ಓದಿದವನು ಮದುವೆಯ ಮಾತುಕತೆಯೆಲ್ಲ ತನಗೆ ಗೊತ್ತೆಂದುಕೊಂಡ ಹಾಗೆ ನಾನು ಪಾಠ ಮಾಡಿದ್ದೆ. ಯಾರು ಎಷ್ಟು ಪಟ್ಟು ಹಿಡಿದರು, ಯಾರು ಎದ್ದು ಹೊರಟರು, ಯಾರನ್ನು ಯಾರು ಕೈಹಿಡಿದು ಕೂರಿಸಿದರು, ಇದೊಂದೂ ಆ ಒಂದು ಪುಟದಲ್ಲಿ ಇರಲಿಲ್ಲ.

ಅದು ಋಷಿಗಳು ತಪಸ್ಸಿಗೆ ಕುಳಿತು ಬರೆದ ಗ್ರಂಥವಲ್ಲ. ಕರಡಿಗೆ ಸದಸ್ಯರು ಸೂಚಿಸಿದ ತಿದ್ದುಪಡಿಗಳು 7,635. ಅವುಗಳಲ್ಲಿ ಸಭೆಯ ಮುಂದೆ ನಿಜವಾಗಿ ಮಂಡಿತವಾದವು 2,473. ಮೊದಲ ಕರಡನ್ನು 1947ರ ಅಕ್ಟೋಬರಿನಲ್ಲಿ ಸಿದ್ಧಗೊಳಿಸಿದವರು ಸಭೆಯ ಸದಸ್ಯರೇ ಅಲ್ಲದ, ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯಲ್ಲಿ ಏಳು ಜನ. ಅವರಲ್ಲಿ ಒಬ್ಬರು ಬಿಟ್ಟುಹೋದಾಗ ಆ ಸ್ಥಾನಕ್ಕೆ ಬಂದವರು ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು. ಅಂಬೇಡ್ಕರರು 1949ರ ನವೆಂಬರ್ 25ರಂದು ಕೊನೆಯ ಭಾಷಣ ಮಾಡುವಾಗ, ತಮಗೆ ಸಲ್ಲುತ್ತಿದ್ದ ಹೊಗಳಿಕೆಯಲ್ಲಿ ಒಂದು ಪಾಲನ್ನು ನರಸಿಂಗ ರಾಯರಿಗೂ ಇನ್ನೂ ದೊಡ್ಡ ಪಾಲನ್ನು ಕರಡು ತಿದ್ದಿದ ಅಧಿಕಾರಿ ಎಸ್. ಎನ್. ಮುಖರ್ಜಿಯವರಿಗೂ ಹಂಚಿಬಿಟ್ಟರು. ದೊಡ್ಡವರ ಲಕ್ಷಣ ಅದು. ನಮ್ಮ ಕೆಂಗಲ್ ಹನುಮಂತಯ್ಯನವರು ಅದೇ ತಿಂಗಳು ಎದ್ದು, ನಮಗೆ ಬೇಕಾಗಿದ್ದದ್ದು ವೀಣೆಯ ನಾದ, ಸಿಕ್ಕಿರುವುದು ಇಂಗ್ಲಿಷ್ ಬ್ಯಾಂಡಿನ ವಾದ್ಯ ಎಂಬರ್ಥದ ಮಾತನ್ನು ಆಡಿ ಕುಳಿತರು. ಆಡಿದ ಮೇಲೂ ಅವರು ಆ ರಾಜ್ಯಾಂಗವನ್ನು ಒಪ್ಪಿದರು. ಗೊಣಗುತ್ತಲೇ ಒಪ್ಪುವುದು ಆ ಸಭೆಯ ಸ್ವಭಾವವಾಗಿತ್ತು.

ಗೊಣಗಾಟ ಅತಿ ಜೋರಾಗಿದ್ದುದು ಭಾಷೆಯ ವಿಷಯದಲ್ಲಿ. ಹೊರನಾಡಿನಲ್ಲಿ ಬದುಕುವ ನಮಗೆ ಸಂಬಂಧಪಟ್ಟದ್ದೂ ಅದೇ. ಆದ್ದರಿಂದ ಉಳಿದದ್ದನ್ನು ಬದಿಗಿಟ್ಟು ಅಲ್ಲಿಗೇ ಬರುತ್ತೇನೆ.

ಸಭೆ ಸೇರಿದ ಎರಡನೆಯ ದಿನವೇ, 1946ರ ಡಿಸೆಂಬರ್ 10ರಂದು, ಸಂಯುಕ್ತ ಪ್ರಾಂತದ ಆರ್. ವಿ. ಧುಲೇಕರ್ ಎಂಬ ಸದಸ್ಯರು ಎದ್ದು ಹಿಂದುಸ್ತಾನಿಯಲ್ಲಿ ಮಾತಾಡತೊಡಗಿದರು. ಅನೇಕರಿಗೆ ಆ ಭಾಷೆ ಅರ್ಥವಾಗುವುದಿಲ್ಲವೆಂದು ಅಧ್ಯಕ್ಷ ಪೀಠ ನೆನಪಿಸಿತು. ಹಿಂದುಸ್ತಾನಿ ಬಾರದವರಿಗೆ ಹಿಂದುಸ್ತಾನದಲ್ಲಿ ಇರುವ ಹಕ್ಕೇ ಇಲ್ಲವೆಂದು ಅವರು ಉತ್ತರ ಕೊಟ್ಟರು. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಎಂಟು ತಿಂಗಳಿತ್ತು, ಆಗಲೇ ಯಾರು ಇರಬೇಕು ಯಾರು ಇರಬಾರದು ಎಂಬ ಮಾತು ಬಂದಿತ್ತು. ಎರಡು ವರ್ಷದ ಬಳಿಕ, 1948ರ ನವೆಂಬರ್ 5ರಂದು, ಮದ್ರಾಸಿನ ಟಿ. ಟಿ. ಕೃಷ್ಣಮಾಚಾರಿಯವರು ಇದಕ್ಕೆ ದಕ್ಷಿಣದ ಉತ್ತರ ಹೇಳಿದರು: ಇಡೀ ಇಂಡಿಯಾ ಬೇಕೋ, ಹಿಂದಿಯ ಇಂಡಿಯಾ ಬೇಕೋ, ನಮ್ಮ ಉತ್ತರದ ಸ್ನೇಹಿತರೇ ಆರಿಸಿಕೊಳ್ಳಲಿ. ಓದುವಾಗ ಈ ಎರಡು ಮಾತುಗಳ ನಡುವೆ ಒಂದು ದೇಶ ಸೀಳಿಹೋಗಬಹುದಿತ್ತಲ್ಲ ಎಂದು ನನಗೆ ಅನ್ನಿಸಿತು. ಒಂದು ಸೀಳಾಟ ಆಗಲೇ ನಡೆದಿತ್ತು. ಸದಸ್ಯರಲ್ಲಿ ಅನೇಕರು ಲಾಹೋರಿನಿಂದಲೋ ಢಾಕಾದಿಂದಲೋ ಮನೆ ಮಠ ಬಿಟ್ಟು ಬಂದವರನ್ನು ನಿತ್ಯ ನೋಡುತ್ತಿದ್ದರು.

ಆ ಭಯದಲ್ಲಿಯೇ ಭಾಷಾವಾರು ಪ್ರಾಂತಗಳ ಪ್ರಶ್ನೆಯೂ ಬಂತು. ಕಾಂಗ್ರೆಸ್ಸು 1920ರಿಂದ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಲೆಕ್ಕದಲ್ಲಿಯೇ ರಚಿಸಿಕೊಂಡು ಬಂದಿತ್ತು. ಕನ್ನಡಿಗರು ಆ ಮಾತನ್ನು ನಂಬಿ ಕುಳಿತಿದ್ದರು. 1948ರ ಜೂನಿನಲ್ಲಿ ಆಂಧ್ರ, ಕೇರಳ, ಕರ್ನಾಟಕ, ಮಹಾರಾಷ್ಟ್ರಗಳ ಬೇಡಿಕೆ ಪರಿಶೀಲಿಸಲು ಎಸ್. ಕೆ. ಧಾರ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಕವಾಯಿತು. ಡಿಸೆಂಬರಿನಲ್ಲಿ ಬಂದ ವರದಿ, ಭಾಷೆಯೊಂದನ್ನೇ ಆಧಾರವಾಗಿಟ್ಟು ಪ್ರಾಂತ ಮಾಡುವುದು ದೇಶಕ್ಕೆ ಹಿತವಲ್ಲವೆಂದಿತು. ಜನ ಕೆರಳಿದರು. ಆಗ ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಮೂವರೇ ಕುಳಿತು ನೋಡಿ, 1949ರ ಏಪ್ರಿಲಿನಲ್ಲಿ, ಸದ್ಯಕ್ಕೆ ಬೇಡ, ಆಂಧ್ರದ ವಿಷಯ ಬೇಕಾದರೆ ನೋಡೋಣ ಎಂದರು. ಇಲ್ಲ ಎನ್ನಲೂ ಇಲ್ಲ, ಕೊಡಲೂ ಇಲ್ಲ. ನಮ್ಮ ಮನೆಗಳಲ್ಲಿ ಹಿರಿಯರು “ದೀಪಾವಳಿ ಆಗಲಿ, ನೋಡೋಣ” ಅನ್ನುತ್ತಾರಲ್ಲ, ಆ ತರಹದ ಉತ್ತರ.

ಆದರೆ ರಾಜ್ಯಾಂಗದಲ್ಲಿ ಒಂದು ಬಾಗಿಲಿಗೆ ಚಿಲಕ ಹಾಕದೆ ಬಿಟ್ಟರು. ಅದು 3ನೆಯ ಅನುಚ್ಛೇದ. ಹೊಸ ರಾಜ್ಯ ಮಾಡುವುದಕ್ಕಾಗಲಿ ಗಡಿ ಬದಲಿಸುವುದಕ್ಕಾಗಲಿ ಹೆಸರು ತಿದ್ದುವುದಕ್ಕಾಗಲಿ ಪಾರ್ಲಿಮೆಂಟಿನ ಸಾಮಾನ್ಯ ಕಾನೂನು ಸಾಕು. ಸಂಬಂಧಪಟ್ಟ ರಾಜ್ಯದ ಅಭಿಪ್ರಾಯ ಕೇಳಬೇಕು, ಅದರ ಒಪ್ಪಿಗೆ ಬೇಕಿಲ್ಲ. ಅಮೆರಿಕದಂಥ ದೇಶದಲ್ಲಿ ಒಂದು ರಾಜ್ಯದ ಒಪ್ಪಿಗೆಯಿಲ್ಲದೆ ಅದರ ನೆಲವನ್ನು ಒಡೆದು ಹೊಸ ರಾಜ್ಯ ಮಾಡುವಂತಿಲ್ಲ. ನಮ್ಮವರು ಈ ಅಧಿಕಾರವನ್ನು ಕೇಂದ್ರದ ಕೈಯಲ್ಲಿಟ್ಟರು. ಇದು ರಾಜ್ಯಗಳನ್ನು ದುರ್ಬಲಗೊಳಿಸಿತೆಂದು ಪಂಡಿತರು ಇಂದಿಗೂ ವಾದಿಸುತ್ತಾರೆ. ಇರಲಿ. 1953ರ ಅಕ್ಟೋಬರ್ 1ರಂದು ಆಂಧ್ರ ಹೊರಬಂದದ್ದೂ, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರುಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದಾದದ್ದೂ, 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವೆಂದು ಹೆಸರು ಪಡೆದದ್ದೂ ಆ ಚಿಲಕವಿಲ್ಲದ ಬಾಗಿಲಿನಿಂದಲೇ.

ಇನ್ನು ಒಕ್ಕೂಟದ ಭಾಷೆ. ಇದನ್ನು ಮೂರು ವರ್ಷ ಮುಂದೆ ತಳ್ಳಿ ತಳ್ಳಿ, ಕೊನೆಗೆ ತಳ್ಳಲು ಜಾಗವಿಲ್ಲದಾದಾಗ, 1949ರ ಸೆಪ್ಟೆಂಬರ್ 12ರಂದು ಕೈಗೆತ್ತಿಕೊಂಡರು. ತಿದ್ದುಪಡಿಗಳೇ ಮುನ್ನೂರಕ್ಕೂ ಹೆಚ್ಚು. ಅಧ್ಯಕ್ಷರಾದ ರಾಜೇಂದ್ರ ಪ್ರಸಾದರು ಆರಂಭದಲ್ಲೇ ಒಂದು ಬುದ್ಧಿಮಾತು ಹೇಳಿದರು. ರಾಜ್ಯಾಂಗದ ಬೇರೆ ಯಾವ ಭಾಗವನ್ನೂ ಇದರಂತೆ ದಿನದಿನ, ಗಳಿಗೆಗಳಿಗೆಗೆ ಬಳಸಬೇಕಾಗಿಲ್ಲ. ಬಹುಮತದಿಂದ ಗೆದ್ದುಬಿಟ್ಟರೆ ಸಾಲದು, ಉತ್ತರದವರೋ ದಕ್ಷಿಣದವರೋ ಒಪ್ಪದಿದ್ದರೆ ಅದನ್ನು ನಡೆಸುವುದೇ ಕಷ್ಟ. ಮಾತಿನಲ್ಲಿ ಖಾರ ಬೇಡ ಎಂದರು. ಖಾರವೇನೂ ಕಡಿಮೆಯಾಗಲಿಲ್ಲ.

ಹಿಂದಿ ಬೇಡ, ಹಿಂದುಸ್ತಾನಿ ಇರಲಿ ಎಂದವರಿದ್ದರು. ಇಂಗ್ಲಿಷು ಇರಲಿ ಎಂದವರಿದ್ದರು. ಬಂಗಾಲದ ಲಕ್ಷ್ಮೀಕಾಂತ ಮೈತ್ರರು ಸಂಸ್ಕೃತವೇ ಆಗಲಿ ಎಂದು ತಿದ್ದುಪಡಿ ತಂದರು. ಯಾರ ಮನೆಮಾತೂ ಅಲ್ಲವಾದ್ದರಿಂದ ಯಾರಿಗೂ ಹೆಚ್ಚು ಲಾಭವಿಲ್ಲ, ಎಲ್ಲರಿಗೂ ಕಷ್ಟ ಸಮಾನ! ತೆಲುಗು ನಾಡಿನ ದುರ್ಗಾಬಾಯಿಯವರು ಬಾಲ್ಯದಲ್ಲಿಯೇ ಕಾಕಿನಾಡದಲ್ಲಿ ಹೆಂಗಸರಿಗಾಗಿ ಹಿಂದಿ ಪಾಠಶಾಲೆ ನಡೆಸಿದವರು. ನಾವು ಪ್ರೀತಿಯಿಂದ ಕಲಿತ ಭಾಷೆಯನ್ನು ನೀವು ಬಲದಿಂದ ಹೇರಲು ಹೊರಟಿರುವುದು ನೋಡಿ ಎದೆ ಒಡೆಯಿತು ಎಂಬ ಧಾಟಿಯಲ್ಲಿ ಅವರು ಮಾತಾಡಿದರು. ಛೋಟಾ ನಾಗಪುರದ ಆದಿವಾಸಿಗಳ ಪರವಾಗಿ ಜೈಪಾಲ್ ಸಿಂಗರು ಮುಂಡಾರಿ, ಗೋಂಡಿ, ಒರಾಂವ್ ಭಾಷೆಗಳನ್ನೂ ಎಂಟನೆಯ ಅನುಸೂಚಿಗೆ ಸೇರಿಸಿರೆಂದು ಕೇಳಿದರು. ಲಕ್ಷಗಟ್ಟಲೆ ಜನ ಆಡುವ ಮಾತುಗಳು ಅವು. ಸೇರಿಸಲಿಲ್ಲ. ಹದಿನಾಲ್ಕು ಭಾಷೆಗಳ ಆ ಪಟ್ಟಿ ಈಗ ಇಪ್ಪತ್ತೆರಡಕ್ಕೆ ಬೆಳೆದಿದೆ, ಕೊಂಕಣಿ 1992ರಲ್ಲಿ ಸೇರಿತು. ಜೈಪಾಲ್ ಸಿಂಗರು ಕೇಳಿದ ಮೂರೂ ಇನ್ನೂ ಹೊರಗೇ ಇವೆ. ನಮ್ಮ ತುಳುವೂ ಹೊರಗೇ ಇದೆ. ಕನ್ನಡ ಮೊದಲ ದಿನವೇ ಒಳಗೆ ಕುಳಿತಿತೆಂದು ನಾವು ಹೆಮ್ಮೆಪಡುವಾಗ ಬಾಗಿಲಾಚೆ ನಿಂತವರ ನೆನಪೂ ಇದ್ದರೆ ಒಳ್ಳೆಯದು.

ಗೋಪಾಲಸ್ವಾಮಿ ಅಯ್ಯಂಗಾರರೂ ಮುನ್ಷಿಯವರೂ ಕೂಡಿ ಹೊಸೆದ ಸೂತ್ರ ಹೀಗಿತ್ತು: ಒಕ್ಕೂಟದ ಆಡಳಿತ ಭಾಷೆ ದೇವನಾಗರಿಯಲ್ಲಿ ಬರೆದ ಹಿಂದಿ, ಆದರೆ ಹದಿನೈದು ವರ್ಷ ಇಂಗ್ಲಿಷು ಮೊದಲಿನಂತೆಯೇ ನಡೆಯಲಿ, ಆಮೇಲೂ ಬೇಕಾದರೆ ಪಾರ್ಲಿಮೆಂಟು ಕಾನೂನು ಮಾಡಿ ಮುಂದುವರಿಸಬಹುದು. ‘ರಾಷ್ಟ್ರಭಾಷೆ’ ಎಂಬ ಶಬ್ದವನ್ನು ಬೇಕೆಂತಲೇ ಬಿಟ್ಟು ‘ಆಡಳಿತ ಭಾಷೆ’ ಎಂದರು. ಹಿಂದಿಯವರಿಗೆ ಹೆಸರು ಸಿಕ್ಕಿತು, ನಮ್ಮವರಿಗೆ ಕಾಲಾವಕಾಶ ಸಿಕ್ಕಿತು. ಮುಂದೆ 1963ರ ಕಾನೂನೂ, 1965ರಲ್ಲಿ ಮದ್ರಾಸಿನಲ್ಲಿ ಎದ್ದ ಚಳವಳಿಯೂ, 1967ರ ತಿದ್ದುಪಡಿಯೂ ಕೂಡಿ ಆ ಹದಿನೈದು ವರ್ಷ ಮುಗಿಯದ ಹಾಗೆ ಮಾಡಿದ್ದು ತಮಗೆ ತಿಳಿದೇ ಇದೆ.

ಇಷ್ಟಾದರೂ ಒಪ್ಪಂದ ಕೊನೆಗೆ ಎಲ್ಲಿ ಸಿಕ್ಕಿಕೊಂಡಿತು ಗೊತ್ತೆ? ಅಂಕಿಗಳಲ್ಲಿ! ಒಂದು ಎರಡು ಮೂರು ಎಂದು ಬರೆಯುವುದು ನಾಗರಿಯ ಅಂಕಿಯಲ್ಲೋ, ಇಂಗ್ಲಿಷಿನ ಅಂಕಿಯಲ್ಲೋ? ಹಿಂದಿಯ ಕಡೆಯವರು ಭಾಷೆ ಬಂದ ಮೇಲೆ ಅಂಕಿಯೂ ಬರಬೇಕೆಂದರು. ದಕ್ಷಿಣದವರು ಭಾಷೆ ಒಪ್ಪಿದ್ದೇವೆ, ಅಂಕಿ ಮಾತ್ರ ಬಿಡೆವು ಎಂದರು. ಕಾಂಗ್ರೆಸ್ ಪಕ್ಷದ ಒಳಸಭೆಯಲ್ಲಿ ಹಿಂದಿಯ ಬಗ್ಗೆ 78ಕ್ಕೆ 78 ಸಮ ಬಂದು, ಮತ್ತೊಮ್ಮೆ ಎಣಿಸಿದಾಗ 78ಕ್ಕೆ 77 ಆಯಿತೆಂದು ಅಂಬೇಡ್ಕರರು 1955ರಲ್ಲಿ ಬರೆದಿದ್ದಾರೆ. ಆ ಮತ ಭಾಷೆಯದಲ್ಲ, ಅಂಕಿಯದು ಎಂದು ಆಮೇಲಿನ ಇತಿಹಾಸಕಾರರು ವಾದಿಸುತ್ತಾರೆ. ಏನೇ ಇರಲಿ, ಸೆಪ್ಟೆಂಬರ್ 14ರಂದು ಸಭೆಯನ್ನು ಸಂಜೆಯವರೆಗೆ ನಿಲ್ಲಿಸಿ ಒಳಗೆ ಮಾತುಕತೆ ನಡೆಸಿದರು. ಹೊರಬಂದ ಶಬ್ದಗಳನ್ನು ಕೇಳಿ: “ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ”. ಅಂಕಿ ಇಂಗ್ಲಿಷಿನದೇ, ಆದರೆ ಅದು ಮೂಲದಲ್ಲಿ ಭಾರತದಿಂದ ಅರಬರ ಮೂಲಕ ಹೋದದ್ದಷ್ಟೆ. ಆದ್ದರಿಂದ ಭಾರತೀಯವೂ ಹೌದು, ಅಂತರರಾಷ್ಟ್ರೀಯವೂ ಹೌದು. ನಾಗರಿ ಅಂಕಿಯನ್ನೂ ಜೊತೆಗೆ ಬಳಸಲು ರಾಷ್ಟ್ರಪತಿ ಅನುಮತಿ ಕೊಡಬಹುದೆಂದು ಒಂದು ಬಾಲ ಸೇರಿಸಿದರು. ಎಲ್ಲರಿಗೂ ಮರ್ಯಾದೆ ಉಳಿಯಿತು. ನಕ್ಕುಬಿಡಬೇಡಿ, ನಮ್ಮ ಸಂಘದ ಆಮಂತ್ರಣ ಪತ್ರಿಕೆಯಲ್ಲಿ ತಾರೀಖು ಕನ್ನಡ ಅಂಕಿಯಲ್ಲಿದೆ, ಕಾರ್ಯದರ್ಶಿಗಳ ಫೋನ್ ನಂಬರು ಇಂಗ್ಲಿಷ್ ಅಂಕಿಯಲ್ಲಿದೆ. ನಮ್ಮ ಸಮಿತಿಯಲ್ಲೂ ಒಬ್ಬ ಮುನ್ಷಿ ಒಬ್ಬ ಅಯ್ಯಂಗಾರರು ಇದ್ದಾರೆಂದಾಯಿತು.

ಇದಿಷ್ಟೂ ದೇಶದ ಮಾತು. ನಾನು ಇಂದು ಮುಖ್ಯವಾಗಿ ಹೇಳಬೇಕೆಂದು ಬಂದ ಸಂಗತಿ ಇದಕ್ಕಿಂತ ಒಂಬತ್ತು ತಿಂಗಳು ಮೊದಲು, 1948ರ ಡಿಸೆಂಬರ್ 8ರಂದು ನಡೆದದ್ದು. ಅಂದು ಸಭೆಯ ಮುಂದೆ ಇದ್ದುದು ಕರಡಿನ 23ನೆಯ ಅನುಚ್ಛೇದ. ಈಗ ಅದು 29 ಮತ್ತು 30 ಎಂದು ಎರಡಾಗಿದೆ. ತಮ್ಮದೇ ಆದ ಭಾಷೆ, ಲಿಪಿ, ಸಂಸ್ಕೃತಿಯುಳ್ಳ ಜನರಿಗೆ ಅದನ್ನು ಕಾಪಾಡಿಕೊಳ್ಳುವ ಹಕ್ಕುಂಟು ಎಂಬುದು ಅದರ ಸಾರ. ಕರಡಿನಲ್ಲಿ ‘ಭಾಷೆ, ಲಿಪಿ ಮತ್ತು ಸಂಸ್ಕೃತಿ’ ಎಂದಿದ್ದುದು ಕೊನೆಗೆ ‘ಭಾಷೆ, ಲಿಪಿ ಅಥವಾ ಸಂಸ್ಕೃತಿ’ ಎಂದಾಯಿತು. ‘ಮತ್ತು’ ಹೋಗಿ ‘ಅಥವಾ’ ಬಂದದ್ದರಿಂದ ಏನಾಯಿತೆಂದರೆ, ಪಕ್ಕದವರ ಲಿಪಿಯಲ್ಲೇ ಬರೆಯುವ ಭಾಷೆಯವರಿಗೂ, ಪಕ್ಕದವರಂತೆಯೇ ಗಣಪತಿ ಕೂರಿಸುವವರಿಗೂ ಆ ಹಕ್ಕು ದೊರೆಯಿತು. ವ್ಯಾಕರಣ ಕಲಿಸುವ ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇರೆ ಬೇಕೆ?

ಕೆಲವರು ಕೇಳಿದರು: ಅಲ್ಪಸಂಖ್ಯಾತರೆಂದರೆ ಧರ್ಮದಿಂದ ಬೇರೆಯಾದವರಲ್ಲವೆ, ಈ ಅನುಚ್ಛೇದ ಯಾರಿಗೆ? ಅಂಬೇಡ್ಕರರು ಎದ್ದು, ಆ ಮಾತನ್ನು ಇಲ್ಲಿ ವಿಶಾಲವಾದ ಅರ್ಥದಲ್ಲಿ ಬಳಸಿದೆ ಎಂದು ಒಂದು ದೃಷ್ಟಾಂತ ಕೊಟ್ಟರು. ಮದ್ರಾಸಿನಿಂದ ಒಂದಷ್ಟು ಜನ ಮುಂಬಯಿಗೆ ಬಂದು ನೆಲೆಸಿದರೆ, ಅವರು ಕಾನೂನಿನ ಬಿಗಿ ಅರ್ಥದಲ್ಲಿ ಅಲ್ಪಸಂಖ್ಯಾತರಲ್ಲದಿದ್ದರೂ ಸಂಸ್ಕೃತಿಯ ದೃಷ್ಟಿಯಿಂದ ಅಲ್ಪಸಂಖ್ಯಾತರೇ. ಮಹಾರಾಷ್ಟ್ರದಿಂದ ಬಂಗಾಲಕ್ಕೆ ಹೋಗಿ ನೆಲೆಸಿದವರೂ ಹಾಗೆಯೇ.

ಗ್ರಂಥಾಲಯದಲ್ಲಿ ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. 1948ರಲ್ಲಿ ‘ಮದ್ರಾಸಿನವರು’ ಎಂದರೆ ಯಾರು? ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸು ಪ್ರಾಂತದಲ್ಲಿತ್ತು. ಉಡುಪಿಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದವರು, ಮಂಗಳೂರಿನಿಂದ ಬಂದು ಬ್ಯಾಂಕಿನಲ್ಲಿ ಬರೆಯುತ್ತಿದ್ದವರು, ಕುಂದಾಪುರದ ಕಡೆಯವರು, ಇವರೆಲ್ಲ ಸರಕಾರಿ ಲೆಕ್ಕದಲ್ಲಿ ಮದ್ರಾಸಿನಿಂದ ಮುಂಬಯಿಗೆ ಬಂದವರೇ. ಈ ಸಭಾಂಗಣದಲ್ಲಿ ಕುಳಿತ ಅರ್ಧ ಜನರ ಅಜ್ಜಂದಿರು ರಾಜ್ಯಾಂಗ ಸಭೆಯ ನಡಾವಳಿಯಲ್ಲಿ ಹೆಸರಿಲ್ಲದೆ ಕುಳಿತಿದ್ದಾರೆ. ಹೀಗೆ ಬಂದವರಿಗೆ ತಮ್ಮ ಭಾಷೆಯನ್ನು ಕಾಪಾಡಿಕೊಳ್ಳುವ ಹಕ್ಕಿದೆಯೆ ಎಂದು ಕೇಳಿದಾಗ, ಇದೆ ಎಂದು ಆ ಸಭೆ ಹೇಳಿತು.

ಆದರೆ ಎಷ್ಟು ಹೇಳಿತು, ಎಷ್ಟು ಹೇಳಲಿಲ್ಲ ಎಂಬುದನ್ನೂ ನೋಡಬೇಕು. ಅದೇ ದಿನ ಸಂಯುಕ್ತ ಪ್ರಾಂತದ ಝಡ್. ಎಚ್. ಲಾರಿ ಎಂಬ ಸದಸ್ಯರು ಇನ್ನೊಂದು ಹೆಜ್ಜೆ ಮುಂದಿಡಲು ಕೇಳಿದರು: ಬೇರೆ ಭಾಷೆ, ಬೇರೆ ಲಿಪಿಯುಳ್ಳ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಆ ಭಾಷೆಯಲ್ಲೇ ದೊರೆಯುವುದು ಹಕ್ಕಾಗಲಿ. ಸಭೆ ಅದನ್ನು ಒಪ್ಪಲಿಲ್ಲ. ಅಂಬೇಡ್ಕರರ ವಿವರಣೆ ಸ್ಪಷ್ಟವಾಗಿತ್ತು. ಇಂಥ ಜನರ ಮೇಲೆ ಸರಕಾರ ಬೇರೆ ಸಂಸ್ಕೃತಿಯನ್ನು ಕಾನೂನಿನಿಂದ ಹೇರಬಾರದು, ಈ ಅನುಚ್ಛೇದ ಹಾಕುವ ಕಟ್ಟು ಅಷ್ಟೆ. ಎಂದರೆ, ನಿಮ್ಮ ಮನೆಯ ದೀಪವನ್ನು ಸರಕಾರ ಆರಿಸುವುದಿಲ್ಲ. ಎಣ್ಣೆಯನ್ನು ನೀವೇ ತರಬೇಕು. ದೇಶ ಒಡೆದ ಮರುವರ್ಷ, ಹಣವಿಲ್ಲದ ಸರಕಾರ, ಶಾಲೆಯೇ ಕಾಣದ ಲಕ್ಷಾಂತರ ಹಳ್ಳಿಗಳು. ಆ ಹೊತ್ತಿನಲ್ಲಿ ಅಷ್ಟು ಸಿಕ್ಕಿದ್ದೇ ದೊಡ್ಡದೆಂದು ಕೆಲವರು ಹೇಳಬಹುದು. ನನಗೆ ಲಾರಿಯವರು ಕೇಳಿದ್ದು ನ್ಯಾಯವೆಂದೇ ತೋರುತ್ತದೆ.

ಈಗ 1956ಕ್ಕೆ ಬನ್ನಿ. ಆಗ ನನಗೆ ಎಂಟು ವರ್ಷ. ಪರೇಲಿನ ಚಾಳಿನಲ್ಲಿ ನಮ್ಮ ಮನೆ. ತಂದೆಯವರು ಧಾರವಾಡ ಜಿಲ್ಲೆಯಿಂದ ಬಂದು ಗಿರಣಿಯ ಆಫೀಸಿನಲ್ಲಿ ಕಾರಕೂನರಾಗಿದ್ದರು. ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯ ಹೋಟೆಲಿನವರು. ನವೆಂಬರ್ 1ರ ಬೆಳಿಗ್ಗೆ ಸಿಹಿ ಹಂಚಿದ್ದು ನನಗೆ ನೆನಪಿದೆ. ಅದಕ್ಕಿಂತ ಚೆನ್ನಾಗಿ ನೆನಪಿರುವುದು ಸಂಜೆ ಕಟ್ಟೆಯ ಮೇಲೆ ಕುಳಿತು ತಂದೆಯವರು ಆಡಿದ ಮಾತು. “ನಿನ್ನೀತನಕಾ ಈ ಊರು ನಮ್ಮ ರಾಜಧಾನಿ ಇತ್ತು, ಇವತ್ತಿಂದ ನಾವು ಬೀಗರಾದ್ವಿ ನೋಡ್ರಿ” ಎಂದರು. ಪಕ್ಕದವರು ನಕ್ಕು, “ನಾವು ಬಂದ ದಿನದಿಂದಲೂ ನೆಂಟರೇ ಮಾರಾಯ್ರೆ, ನಮಗೇನು ಹೊಸತು?” ಎಂದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರು ಅಂದಿನವರೆಗೆ ಮುಂಬಯಿ ರಾಜ್ಯದವರೇ. ಇಲ್ಲಿಯ ಸೆಕ್ರೆಟರಿಯೇಟು ಅವರದೇ ಸೆಕ್ರೆಟರಿಯೇಟು. ತಾಯಿನಾಡು ಒಂದಾದ ಅದೇ ಬೆಳಿಗ್ಗೆ ಅವರು ಇಲ್ಲಿ ಪರರಾಜ್ಯದವರಾದರು. ಸಂತೋಷವೂ ನಿಜ, ಸಂಕಟವೂ ನಿಜ. ಏಕೀಕರಣದ ಭಾಷಣಗಳಲ್ಲಿ ಈ ಸಂಕಟವನ್ನು ನಾನು ಕೇಳಿದ್ದು ಕಡಿಮೆ.

ಈ ಸಂಕಟ ದೆಹಲಿಯಲ್ಲಿ ಕೆಲವರಿಗಾದರೂ ಕಂಡಿತ್ತು. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ, ಗಡಿಯನ್ನು ಎಷ್ಟೇ ಜಾಣತನದಿಂದ ಎಳೆದರೂ ಎಲ್ಲ ರಾಜ್ಯದಲ್ಲೂ ಅನ್ಯಭಾಷೆಯವರು ಉಳಿದೇ ಉಳಿಯುತ್ತಾರೆ, ಅವರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಬೇಕೆಂದು ಶಿಫಾರಸು ಮಾಡಿತು. ರಾಜ್ಯಗಳ ಮರುವಿಂಗಡಣೆಗೆಂದು ರಾಜ್ಯಾಂಗಕ್ಕೆ ಏಳನೆಯ ತಿದ್ದುಪಡಿ ತಂದಾಗ ಅದರಲ್ಲಿ ಎರಡು ಹೊಸ ಅನುಚ್ಛೇದ ಸೇರಿದವು. 350-ಎ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಕರ್ಯ ಒದಗಿಸುವುದು ಪ್ರತಿಯೊಂದು ರಾಜ್ಯದ, ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಪ್ರಯತ್ನವಾಗಿರತಕ್ಕದ್ದು. 350-ಬಿ: ಅವರ ಹಿತ ನೋಡಿಕೊಳ್ಳಲು ರಾಷ್ಟ್ರಪತಿ ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸತಕ್ಕದ್ದು. ಲಾರಿಯವರು 1948ರಲ್ಲಿ ಕೇಳಿ ಬರಿಗೈಯಲ್ಲಿ ಕುಳಿತ ವಸ್ತುವೇ ಎಂಟು ವರ್ಷದ ಮೇಲೆ ಸ್ವಲ್ಪ ಮೆತ್ತಗಾಗಿ ಹಿಂದಿರುಗಿತು. ‘ಹಕ್ಕು’ ಎನ್ನಲಿಲ್ಲ, ‘ಪ್ರಯತ್ನ’ ಎಂದರು. ಅದೂ ಒಂದು ರಾಜಿಯೇ.

ಏಳನೆಯ ತಿದ್ದುಪಡಿ ಜಾರಿಗೆ ಬಂದದ್ದು ಎಂದು? 1956ರ ನವೆಂಬರ್ 1. ನಾವು ಇಂದು ಧ್ವಜ ಏರಿಸಿದ ದಿನವೇ. ನಾಡಿನ ಒಳಗಿರುವವರಿಗೆ ನಾಡು ಕೊಟ್ಟ ದಿನವೇ ಹೊರಗುಳಿದವರಿಗೆ ಈ ಎರಡು ಸಾಲು ಕೊಟ್ಟರು. ಬೆಂಗಳೂರಿನವರು ಮೊದಲನೆಯದನ್ನು ಆಚರಿಸಲಿ, ಅದು ಅವರ ಹಬ್ಬ. ನಾವಾದರೂ ಎರಡನೆಯದನ್ನು ನೆನೆಯಬೇಡವೆ?

ಸೌಕರ್ಯವೆಂದರೆ ಎಷ್ಟು ಎಂಬುದಕ್ಕೂ ಒಂದು ಅಳತೆ ಇದೆ. 1949ರ ಆಗಸ್ಟಿನಲ್ಲಿ, ಇತ್ತ ಭಾಷೆಯ ಜಗಳ ಕಾವೇರುತ್ತಿದ್ದಾಗಲೇ, ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ನಿರ್ಣಯ ಮಾಡಿದರು: ಬೇರೆ ಮಾತೃಭಾಷೆಯ ಮಕ್ಕಳು ಒಂದು ತರಗತಿಯಲ್ಲಿ ಹತ್ತು, ಅಥವಾ ಇಡೀ ಶಾಲೆಯಲ್ಲಿ ನಲವತ್ತು ಇದ್ದರೆ ಆ ಭಾಷೆಯ ಒಬ್ಬ ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ಕೇಂದ್ರ ಸರಕಾರ ಅದನ್ನೇ ಎತ್ತಿಹಿಡಿಯಿತು. ಹತ್ತು ಮತ್ತು ನಲವತ್ತು. ಈ ಎರಡು ಅಂಕಿಗಳನ್ನು, ಯಾವ ಲಿಪಿಯಲ್ಲಾದರೂ ಸರಿಯೆ, ಬರೆದಿಟ್ಟುಕೊಳ್ಳಿ.

ನ್ಯಾಯಾಲಯಗಳೂ ಆಮೇಲೆ ಕೆಲವು ಗಂಟು ಬಿಡಿಸಿವೆ. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ, 2002ರ ಅಕ್ಟೋಬರ್ 31ರಂದು, ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ, ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯ ರಾಜ್ಯದ ಲೆಕ್ಕದಲ್ಲಿಯೇ ನೋಡಬೇಕೆಂದಿತು. ಕನ್ನಡಿಗ ಬೆಳಗಾವಿಯಲ್ಲಿ ಬಹುಸಂಖ್ಯಾತ, ಕೊಲ್ಲಾಪುರದಲ್ಲಿ ಅಲ್ಪಸಂಖ್ಯಾತ. ಮರಾಠಿಗರಿಗೆ ಇದೇ ಮಾತು ತಿರುಗಿ ಅನ್ವಯಿಸುತ್ತದೆ. ನಾವು ಇಲ್ಲಿ ಕೇಳುವುದನ್ನು ಅವರು ಅಲ್ಲಿ ಕೇಳಿದರೆ ನಾವು ಮುಖ ತಿರುಗಿಸುವಂತಿಲ್ಲ. 2014ರಲ್ಲಿ ಅದೇ ನ್ಯಾಯಾಲಯ, ಕರ್ನಾಟಕ ಸರಕಾರದ ಮಾಧ್ಯಮ ನೀತಿಯ ಮೊಕದ್ದಮೆಯಲ್ಲಿ, ಮಗುವಿನ ಮಾತೃಭಾಷೆ ಯಾವುದೆಂಬುದನ್ನು ಸರಕಾರ ಗೊತ್ತುಮಾಡುವಂತಿಲ್ಲ, ತಂದೆತಾಯಿಗಳೇ ಹೇಳಬೇಕೆಂದಿತು. ಕನ್ನಡದ ಅಭಿಮಾನಿಗಳಿಗೆ ಆ ತೀರ್ಪಿನಿಂದ ಬೇಸರವಾಯಿತು, ನನಗೂ ಆಯಿತು. ಆದರೆ ಹೊರನಾಡಿನಲ್ಲಿ ಕುಳಿತು ನೋಡಿದರೆ ಅದರಲ್ಲಿ ನಮಗೆ ಒಂದು ಕೆಲಸ ಇದೆ. ನಾವು ಹೇಳಿದರೆ ಮಾತ್ರ ನಮ್ಮ ಮಕ್ಕಳ ಮಾತೃಭಾಷೆ ಕನ್ನಡ.

ನಾನು ಶಾಲೆಗೆ ಸೇರಿದಾಗ ಒಂದೊಂದು ಇಯತ್ತೆಗೂ ಎರಡೆರಡು ವರ್ಗ. ನಿವೃತ್ತನಾದ ವರ್ಷ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಮಕ್ಕಳು ಏಳು. ಶಾಲೆಯನ್ನು ಯಾರೂ ಮುಚ್ಚಲಿಲ್ಲ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆ ನಡೆಸಿಕೊಂಡು ಬಂದಿದೆ, ಅದರಲ್ಲಿ ಕನ್ನಡವೂ ಒಂದು. ಇಂಥದ್ದು ದೇಶದಲ್ಲಿ ಎಷ್ಟು ಊರುಗಳಲ್ಲಿದೆ? ಬಾಗಿಲು ತೆರೆದೇ ಇತ್ತು, ನಾವು ಹೋಗಲಿಲ್ಲ. ‘ನಾವು’ ಎಂದು ಬಾಯಿಮಾತಿಗೆ ಹೇಳುತ್ತಿಲ್ಲ. ನಾನು ಹಗಲೆಲ್ಲ ಬೇರೆಯವರ ಮಕ್ಕಳಿಗೆ ಕನ್ನಡದಲ್ಲಿ ಪಾಠ ಹೇಳಿ, ನನ್ನ ಸ್ವಂತ ಮಗನನ್ನು ಇಂಗ್ಲಿಷ್ ಶಾಲೆಗೆ ಹಾಕಿದವನು. ಅವನಿಗೆ ಒಳ್ಳೆಯ ಕೆಲಸ ಸಿಕ್ಕಿತು, ನಾನು ಪಶ್ಚಾತ್ತಾಪ ಪಡುತ್ತೇನೆಂದರೆ ಅದು ಪೂರ್ತಿ ನಿಜವಾಗದು. ಆದರೆ ಮೊನ್ನೆ ಮೊಮ್ಮಗಳ ಶಾಲೆಯ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಕಾಲಮಿನ ಮುಂದೆ ಅವನು ಪೆನ್ನು ಹಿಡಿದು ಸ್ವಲ್ಪ ಯೋಚಿಸಿದ. ಆ ಯೋಚನೆ ನನಗೆ ಚುಚ್ಚಿತು.

ಎಲ್ಲರೂ ಇಂಗ್ಲಿಷ್ ಶಾಲೆ ಬಿಡಿ ಎಂದು ಹೇಳಲು ನನಗೆ ಬಾಯಿಯಿಲ್ಲ. ನಾನು ಕೇಳುವುದು ಎಣಿಕೆ ಮಾತ್ರ. ನಮ್ಮ ಮಕ್ಕಳು ಓದುವ ಒಂದೊಂದು ಶಾಲೆಯಲ್ಲಿ ಮನೆಯಲ್ಲಿ ಕನ್ನಡ ಆಡುವವರು ಎಷ್ಟು ಎಂಬುದು ಈ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ, ನನಗೂ ಇಲ್ಲ. ಹತ್ತು ಇದ್ದರೆ ಅರ್ಜಿ ಕೊಡಬಹುದು. ಒಂಬತ್ತಿದ್ದರೆ ಇನ್ನೊಬ್ಬರನ್ನು ಹುಡುಕಬಹುದು. ಕಾರ್ಯದರ್ಶಿಗಳೊಡನೆ ಮಾತಾಡಿ ಬಾಗಿಲ ಬಳಿ, ಊಟದ ಕೂಪನ್ ಕೊಡುವ ಮೇಜಿನ ಮೇಲೆ, ಒಂದು ನೋಟುಪುಸ್ತಕ ಇಡಿಸಿದ್ದೇನೆ. ಮಗುವಿನ ಹೆಸರು, ವಯಸ್ಸು, ಶಾಲೆ, ಮನೆಮಾತು, ನಾಲ್ಕೇ ಕಾಲಮು. ತುಳು, ಕೊಂಕಣಿ, ಬ್ಯಾರಿ, ಕೊಡವ ಮನೆಮಾತಿನವರು ಮಗುವಿಗೆ ಕನ್ನಡ ಓದು ಬೇಕೆನಿಸಿದರೆ ಹಾಗೆಂದೇ ಬರೆಯಿರಿ. ಅಂಕಿ ಯಾವ ರೂಪದಲ್ಲಿದ್ದರೂ ಅಡ್ಡಿಯಿಲ್ಲ. ಬರುವ ತಿಂಗಳ ಮೊದಲ ಭಾನುವಾರ ನಾವು ಮೂವರು ಮಾಸ್ತರರು ಸಂಘದ ಕೋಣೆಯಲ್ಲಿ ಕುಳಿತು ಅದನ್ನು ಶಾಲೆವಾರು ವಿಂಗಡಿಸುತ್ತೇವೆ. ಕನ್ನಡಕ ಮರೆಯದೆ ತರುವ ತರುಣರು ಒಬ್ಬಿಬ್ಬರು ಬಂದರೆ ಉಪಕಾರ.

ಅರ್ಧ ಗಂಟೆ ಮೀರಿತೆಂದು ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಮಕ್ಕಳು ಗೆಜ್ಜೆ ಕಟ್ಟಿಕೊಂಡು ಪರದೆಯ ಹಿಂದೆ ನಿಂತಾಗಿದೆ.